ಕಿರುಹೊತ್ತಿಗೆಯ ಪಾಡು: ಲಿಬ್ರೆಟ್ಟೊ ಮತ್ತು ನಮ್ಮ ಹಾಡಿನ ವಹಿ

ಪಾಶ್ಚಾತ್ಯರ ಒಪೆರಾ ಎಂಬ ಗೀತನಾಟಕದ ಲಿಖಿತ ಪಠ್ಯಕ್ಕೆ ಲಿಬ್ರೆಟ್ಟೊ ಎಂದು ಹೆಸರು. ಇದು ಇಟಲಿಯ ಮಾತು. ‘ಲಿಬ್ರೊ’ ಎಂದರೆ ಪುಸ್ತಕ; ‘ಎಟ್ಟೊ’ ಎಂಬುದು ಚಿಕ್ಕದು ಎಂಬರ್ಥವನ್ನು ಕೊಡುವ ಪ್ರತ್ಯಯ. ಎರಡೂ ಸೇರಿದರೆ ಕಿರುಹೊತ್ತಿಗೆ ಎಂದಾಗುತ್ತದೆ. ಯುರೋಪಿನ ಹಲವು ಭಾಷೆಗಳು ಈ ಪದವನ್ನು ಅನುವಾದಿಸದೆ ಹಾಗೆಯೇ ಎರವಲು ಪಡೆದಿವೆ. ಹೆಸರು ಪಠ್ಯದ ಗುಣವನ್ನು ಹೇಳುವುದಿಲ್ಲ, ಅದರ ಗಾತ್ರವನ್ನು ಹೇಳುತ್ತದೆ. ಪ್ರೇಕ್ಷಕನ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು ಎಂಬುದೇ ಅದರ ಲಕ್ಷಣ.

1637ರಲ್ಲಿ ವೆನಿಸ್ ನಗರದ ಸಾನ್ ಕಾಸ್ಸಿಯಾನೊ ರಂಗಮಂದಿರವು ಹಣ ಕೊಟ್ಟು ಬರುವ ಸಾಮಾನ್ಯ ಪ್ರೇಕ್ಷಕರಿಗೆ ಒಪೆರಾವನ್ನು ತೆರೆದು ತೋರಿಸಿತು. ಅಲ್ಲಿಯವರೆಗೆ ಅದು ಅರಮನೆಗಳ ವಿನೋದವಾಗಿತ್ತು. ವೆನಿಸ್ಸಿನ ಪ್ರೇಕ್ಷಕರು ಕಿರುಹೊತ್ತಿಗೆಯನ್ನು ಕೊಂಡು, ಸಣ್ಣ ಮೇಣದಬತ್ತಿಯೊಂದನ್ನು ಹೊತ್ತಿಸಿಕೊಂಡು, ಹಾಡುತ್ತಿರುವ ಮಾತನ್ನು ಓದುತ್ತ ಆಟ ನೋಡುತ್ತಿದ್ದರು. ಇಂದು ಗ್ರಂಥಾಲಯಗಳಲ್ಲಿ ಉಳಿದಿರುವ ಆ ಕಾಲದ ಪ್ರತಿಗಳ ಮೇಲೆ ಮೇಣ ತೊಟ್ಟಿಕ್ಕಿದ ಕಲೆಗಳು ಕಾಣುತ್ತವೆ.

ಈ ಸಂಗತಿಯನ್ನು ಓದಿದಾಗ ನನಗೆ ನಮ್ಮ ಸೀಮೆಯ ನಾಟಕ ಕಂಪನಿಗಳ ಡೇರೆಗಳು ನೆನಪಾದವು. ಕಮತಗಿಯ ಹುಚ್ಚೇಶ್ವರ ನಾಟ್ಯ ಸಂಘದಂತಹ ಕಂಪನಿಗಳನ್ನು ಬೆಳೆಸಿದ ನೆಲ ಇದು. ‘ರಕ್ತರಾತ್ರಿ’, ‘ಕುರುಕ್ಷೇತ್ರ’ಗಳನ್ನು ಬರೆದ ಕಂದಗಲ್ಲ ಹನುಮಂತರಾಯರು ಹುನಗುಂದ ಸೀಮೆಯವರು, ಅಮೀರಬಾಯಿ ಕರ್ನಾಟಕಿಯವರು ಬೀಳಗಿಯವರು. ಆ ಡೇರೆಗಳ ಬಾಗಿಲಲ್ಲಿ ಹಾಡಿನ ಪುಸ್ತಕಗಳು ಮಾರಾಟಕ್ಕಿರುತ್ತಿದ್ದವು: ಅಗ್ಗದ ಕಾಗದ, ಒತ್ತೊತ್ತಾದ ಅಕ್ಷರ, ಹಾಡಿನ ನೆತ್ತಿಯ ಮೇಲೆ ರಾಗದ ಅಥವಾ ಧಾಟಿಯ ಸೂಚನೆ. ನಾಟಕ ಮುಗಿದ ಮೇಲೆ ಆ ಪುಸ್ತಕಗಳು ಗೂಡಿನಲ್ಲಿ ಕೆಲವು ದಿನ ಇದ್ದು, ಆಮೇಲೆ ಕಿರಾಣಿ ಅಂಗಡಿಯ ಪೊಟ್ಟಣಗಳಾದವು. ವೆನಿಸ್ಸಿನವು ಗ್ರಂಥಾಲಯ ಸೇರಿದವು. ವ್ಯತ್ಯಾಸವಿರುವುದು ಪಠ್ಯಗಳ ಯೋಗ್ಯತೆಯಲ್ಲಿ ಎಂದು ನಾನು ಬಹುಕಾಲ ನಂಬಿದ್ದೆ. ಈಗ ನಂಬುವುದಿಲ್ಲ. ನಮ್ಮ ಸಾಹಿತ್ಯ ಚರಿತ್ರೆಯು ಹಾಡುವುದಕ್ಕಾಗಿ, ಆಡುವುದಕ್ಕಾಗಿ ಬರೆದ ಪಠ್ಯಕ್ಕೆ ತಕ್ಕ ಓದುವ ಕ್ರಮವನ್ನು ರೂಪಿಸಿಕೊಳ್ಳಲೇ ಇಲ್ಲವೆಂಬುದು ನನ್ನ ಆಕ್ಷೇಪಣೆ. ಓದುವ ಕ್ರಮ ಗೊತ್ತಿಲ್ಲದವರು ಸಂಪಾದಿಸಲು ಹೊರಟರೆ ಪಠ್ಯವೇ ಕೆಡುತ್ತದೆ. ಹಾಗೆ ಕೆಡಿಸಿದವರಲ್ಲಿ ನಾನೂ ಒಬ್ಬ. ಆ ಕಥೆಗೆ ಮುಂದೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಪಠ್ಯಕ್ರಮ ರಚನೆಯ ಸಭೆಯೊಂದರಲ್ಲಿ ಶ್ರೀಕೃಷ್ಣ ಪಾರಿಜಾತದ ಒಂದು ಭಾಗವನ್ನು ಪದವಿ ತರಗತಿಗೆ ಇಡಬೇಕೆಂದು ಸೂಚಿಸಿದೆ. ಹಿರಿಯರೊಬ್ಬರು ಹಾಳೆ ತಿರುವಿ ನೋಡಿ, ಓದಿದರೆ ಇದರಲ್ಲಿ ರಸ ಹುಟ್ಟುವುದಿಲ್ಲ, ಜಾನಪದ ಪತ್ರಿಕೆಗೆ ಕಳುಹಿಸಿ ಎಂದರು. ಜಾನಪದದ ಪ್ರಾಧ್ಯಾಪಕರು, ಇದು ಬರೆದ ಕೃತಿ, ಕವಿಯ ಹೆಸರಿದೆ, ಮೌಖಿಕ ಪರಂಪರೆಯ ಪಠ್ಯವೆನ್ನಲು ಬರುವುದಿಲ್ಲ ಎಂದು ಹಿಂದಕ್ಕೆ ತಳ್ಳಿದರು. ಇಬ್ಬರ ಮಾತಿನಲ್ಲೂ ತರ್ಕವಿತ್ತು. ಇಬ್ಬರ ತರ್ಕದ ನಡುವೆ ಪಾರಿಜಾತ ಎಲ್ಲಿಯೂ ಸಲ್ಲದೆ ಉಳಿಯಿತು.

ಇಟಲಿಯಲ್ಲಿ ಇದೇ ಜಾತಿಯ ಪಠ್ಯಕ್ಕೆ ಗೌರವ ದೊರೆತದ್ದು ಹೇಗೆ? ಹದಿನಾರನೆಯ ಶತಮಾನದ ಕೊನೆಯಲ್ಲಿ ಫ್ಲಾರೆನ್ಸ್ ನಗರದ ಕೆಲವು ವಿದ್ವಾಂಸರು, ಕವಿಗಳು, ಸಂಗೀತಗಾರರು ಜೊವಾನ್ನಿ ಬಾರ್ದಿ ಎಂಬ ಶ್ರೀಮಂತನ ಮನೆಯಲ್ಲಿ ಸೇರಿ ಚರ್ಚಿಸುತ್ತಿದ್ದರು. ಖಗೋಳಜ್ಞ ಗೆಲಿಲಿಯೊನ ತಂದೆ ವಿಂಚೆಂಜೊ ಗೆಲಿಲಿ ಅವರಲ್ಲೊಬ್ಬ. ಪ್ರಾಚೀನ ಗ್ರೀಕರ ದುರಂತ ನಾಟಕಗಳನ್ನು ಹಾಡಿಯೇ ಆಡುತ್ತಿದ್ದರೆಂಬುದು ಆ ವಲಯದಲ್ಲಿ ಬೇರೂರಿದ ನಂಬಿಕೆಯಾಗಿತ್ತು. ಗ್ರೀಕ್ ನಾಟಕದ ಮೇಳಗೀತಗಳು ಹಾಡುಗಳೇ ಹೌದು. ಪಾತ್ರಗಳ ಮಾತೆಲ್ಲವೂ ಹಾಡಾಗಿತ್ತೆಂಬುದನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಆ ತಪ್ಪು ತಿಳಿವಳಿಕೆಯೇ ಫಲ ಕೊಟ್ಟಿತು. ಹಲವು ಕಂಠಗಳು ಒಂದರ ಮೇಲೊಂದು ಹೆಣೆದುಕೊಂಡು ಹಾಡುವ ಅಂದಿನ ಪದ್ಧತಿಯಲ್ಲಿ ಮಾತು ಕೇಳಿಸದೆ ಮುಳುಗಿಹೋಗುತ್ತದೆ. ಒಂದೇ ಕಂಠ, ಹಗುರವಾದ ವಾದ್ಯ, ಸ್ಪಷ್ಟವಾದ ಮಾತು ಬೇಕು ಎಂದು ಅವರು ವಾದಿಸಿದರು. ಮಾತಿನ ಏರಿಳಿತವನ್ನೇ ಸ್ವರವಾಗಿಸುವ ಒಂದು ಶೈಲಿ ಇದರಿಂದ ಹುಟ್ಟಿತು. ನುಡಿಗಾನವೆಂದು ನಾವು ಅದನ್ನು ಕರೆಯಬಹುದು.

ಹೀಗಾಗಿ ಒಪೆರಾ ಹುಟ್ಟಿದ್ದೇ ಮಾತಿನ ಪಕ್ಷ ವಹಿಸಿದವರ ಕೈಯಲ್ಲಿ. ಮೊದಲ ಒಪೆರಾ ಎಂದು ಸಾಮಾನ್ಯವಾಗಿ ಹೆಸರಿಸುವ ‘ದಾಫ್ನೆ’ 1598ರಲ್ಲಿ ಫ್ಲಾರೆನ್ಸಿನಲ್ಲಿ ನಡೆಯಿತು. ಅದರ ಕವಿ ಒಟ್ಟಾವಿಯೊ ರಿನುಚ್ಚಿನಿ, ಸಂಗೀತ ಯಾಕೊಪೊ ಪೆರಿಯದು. ಇಲ್ಲಿ ಸಂಶೋಧನ ವಿದ್ಯಾರ್ಥಿಗಳು ಒಂದು ಕ್ಷಣ ನಿಲ್ಲಬೇಕು. ಆ ಮೊದಲ ಒಪೆರಾದ ಸಂಗೀತ ಕೆಲವು ತುಣುಕುಗಳ ಹೊರತು ನಷ್ಟವಾಗಿದೆ; ಇಡಿಯಾಗಿ ಉಳಿದಿರುವುದು ರಿನುಚ್ಚಿನಿಯ ಕಿರುಹೊತ್ತಿಗೆ. ಅದೇ ಕವಿ 1608ರಲ್ಲಿ ಮೊಂತೆವೆರ್ದಿಗಾಗಿ ಬರೆದ ‘ಅರಿಯಾನ್ನಾ’ದ ಗತಿಯೂ ಇದೇ: ನಾಯಕಿಯ ಪ್ರಲಾಪ ಒಂದನ್ನು ಬಿಟ್ಟು ಸಂಗೀತವೆಲ್ಲ ಕಳೆದುಹೋಗಿದೆ, ಪಠ್ಯ ಉಳಿದಿದೆ. ಸಂಗೀತ ದೊಡ್ಡದು, ಮಾತು ಅದರ ಊಳಿಗದ್ದು ಎನ್ನುವವರು ಗಮನಿಸಬೇಕಾದ ಸಂಗತಿಯಿದು. ಒಂದು ಕಲೆಯ ಮೊದಲ ಹೆಜ್ಜೆಗೆ ನಮಗಿರುವ ಸಾಕ್ಷಿ ಆ ಊಳಿಗದವನೇ.

1600ರಲ್ಲಿ ಮೆದಿಚಿ ಮನೆತನದ ಮಾರಿಯಾಳಿಗೂ ಫ್ರಾನ್ಸಿನ ದೊರೆಗೂ ನಡೆದ ಮದುವೆಯ ಸಂದರ್ಭಕ್ಕೆ ರಿನುಚ್ಚಿನಿ ‘ಎವುರಿದಿಚೆ’ಯನ್ನು ಬರೆದ. ಮೂಲ ಪುರಾಣದಲ್ಲಿ ಓರ್ಫಿಯಸ್ ಸತ್ತ ಹೆಂಡತಿಯನ್ನು ಪಾತಾಳದಿಂದ ಕರೆತರುವಾಗ ಹಿಂತಿರುಗಿ ನೋಡಿ ಅವಳನ್ನು ಮತ್ತೆ ಕಳೆದುಕೊಳ್ಳುತ್ತಾನೆ. ಮದುವೆಮನೆಯಲ್ಲಿ ಅಮಂಗಳ ಬೇಡವೆಂದು ರಿನುಚ್ಚಿನಿ ಆಕೆಯನ್ನು ಬದುಕಿಸಿ ಕರೆತಂದ. ಮಂಗಳ ಹಾಡದೆ ಆಟ ಮುಗಿಸದ ನಮ್ಮವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಇನ್ನೂ ಮುಖ್ಯವಾದುದು, ಇದೇ ಪಠ್ಯಕ್ಕೆ ಪೆರಿಯೂ ಕಾಚ್ಚಿನಿಯೂ ಬೇರೆ ಬೇರೆಯಾಗಿ ಸಂಗೀತ ರಚಿಸಿದರು. ಒಂದು ಪಠ್ಯ, ಎರಡು ಸಂಗೀತ. ಹದಿನೆಂಟನೆಯ ಶತಮಾನದಲ್ಲಿ ಇದು ವಾಡಿಕೆಯೇ ಆಯಿತು. ವಿಯೆನ್ನಾದ ಆಸ್ಥಾನಕವಿ ಮೆತಾಸ್ತಾಸಿಯೊ ಬರೆದ ಒಂದೊಂದು ಪಠ್ಯವನ್ನೂ ಹತ್ತಾರು ಸಂಗೀತಕಾರರು ತಮ್ಮ ತಮ್ಮ ರೀತಿಯಲ್ಲಿ ಹಾಡಾಗಿಸಿದರು. ಅವನ 1734ರ ‘ಲಾ ಕ್ಲೆಮೆಂಜಾ ದಿ ತೀತೊ’ ಹಲವರ ಕೈ ದಾಟಿ, 1791ರಲ್ಲಿ ಮಾಜ್ಜೊಲಾ ಎಂಬ ಇನ್ನೊಬ್ಬ ಕವಿಯಿಂದ ಪರಿಷ್ಕೃತಗೊಂಡು, ಮೊಜಾರ್ಟನ ಬಳಿಗೆ ಬಂತು. ಅಂದಿನ ಓದುಗರಿಗೆ ಮೆತಾಸ್ತಾಸಿಯೊ ಕವಿಯೇ. ಅವನ ಪಠ್ಯಗಳನ್ನು ಸಂಪುಟಗಳಾಗಿ ಅಚ್ಚು ಹಾಕಿ, ಸಂಗೀತವಿಲ್ಲದೆಯೂ ಓದುತ್ತಿದ್ದರು.

ಮೊಜಾರ್ಟನ ‘ಫಿಗಾರೊ’ 1786ರದು. ಅದರ ಪಠ್ಯವನ್ನು ಬರೆದ ಲೊರೆಂಜೊ ದಾ ಪೊಂತೆ, ಬೊಮಾರ್ಶೆಯ ಫ್ರೆಂಚ್ ನಾಟಕದ ಹದಿನಾರು ಪಾತ್ರಗಳನ್ನು ಹನ್ನೊಂದಕ್ಕೆ ಇಳಿಸಿದ. ಸಾಕಷ್ಟು ದೃಶ್ಯಗಳನ್ನು ಕೈಬಿಟ್ಟ. ಕೈಬಿಟ್ಟದ್ದೇಕೆ? ಹಾಡಿಗೆ ಕಾಲ ಬೇಕು. ಮಾತಾಡಿ ಒಂದು ನಿಮಿಷದಲ್ಲಿ ಮುಗಿಸುವುದನ್ನು ಹಾಡಿದರೆ ಐದು ನಿಮಿಷವಾಗುತ್ತದೆ. ಆದ್ದರಿಂದ ಇಂತಹ ಪಠ್ಯವನ್ನು ಬರೆಯುವವನ ಮುಖ್ಯ ವಿದ್ಯೆ ಬಿಡುವುದರಲ್ಲಿದೆ. ಇನ್ನೊಬ್ಬನಿಗೆ, ಅಂದರೆ ಹಾಡುವವನಿಗೆ, ಜಾಗ ಬಿಟ್ಟು ಬರೆಯಬೇಕು. ಓದುವಾಗ ತೆಳುವಾಗಿ ಕಾಣುವ ಸಾಲು ಬಡತನದ ಗುರುತಾಗಿರಬೇಕಾಗಿಲ್ಲ; ಅದು ಕವಿ ಉದ್ದೇಶಪೂರ್ವಕವಾಗಿ ಖಾಲಿ ಬಿಟ್ಟ ಅಂಕಣವಾಗಿರಬಹುದು. ‘ಐದಾ’ ರಚನೆಯ ಕಾಲದಲ್ಲಿ ವೆರ್ದಿ ತನ್ನ ಕವಿ ಗಿಸ್ಲಾನ್ಜೊನಿಗೆ ಬರೆದ ಪತ್ರಗಳಲ್ಲಿ ‘ಪರೋಲಾ ಶೇನಿಕಾ’, ಎಂದರೆ ರಂಗದ ಮಾತು, ಬೇಕೆಂದು ಕೇಳುತ್ತಾನೆ. ಸನ್ನಿವೇಶವನ್ನು ಒಂದೇ ಏಟಿಗೆ ಎದ್ದು ನಿಲ್ಲಿಸುವ ಮಾತು ಅದು. ಅದಕ್ಕಾಗಿ ಛಂದಸ್ಸು, ಪ್ರಾಸಗಳನ್ನು ಮುರಿದರೂ ಚಿಂತೆಯಿಲ್ಲವೆಂಬುದು ಅವನ ನಿಲುವು. ಪದ್ಯ ಚೆನ್ನಾಗಿರುವುದು ಬೇರೆ, ಮಾತು ರಂಗದ ಮೇಲೆ ನಿಲ್ಲುವುದು ಬೇರೆ ಎಂಬ ಈ ವಿವೇಕ ನಮ್ಮ ಅಲಂಕಾರಶಾಸ್ತ್ರದ ಪಾಠಗಳಲ್ಲಿ ಮಸುಕಾಗಿದೆ.

ಈಗ ನಮ್ಮ ಕಡೆಗೆ ಬರೋಣ. ಕನ್ನಡದಲ್ಲಿ ಹಾಡುಗಬ್ಬದ ವಿಚಾರ ಹೊಸದಲ್ಲ. ಕವಿರಾಜಮಾರ್ಗವು ಹೇಳುವ ಚತ್ತಾಣ, ಬೆದಂಡೆಗಳು ಹಾಡಿನೊಡನೆ ನಂಟುಳ್ಳವೆಂದು ವಿದ್ವಾಂಸರು ಚರ್ಚಿಸಿದ್ದಾರೆ. ಎರಡನೆಯ ನಾಗವರ್ಮನ ಕಾವ್ಯಾವಲೋಕನವಂತೂ ಪಾಡು, ಮೆಲ್ವಾಡು, ಪಾಡುಗಬ್ಬ, ಬಾಜನೆಗಬ್ಬ ಎಂದು ಹಾಡುವ ರಚನೆಗಳನ್ನು ಬಗೆಬಗೆಯಾಗಿ ವಿಂಗಡಿಸಿ ಹೆಸರಿಸುತ್ತದೆ. ಹೆಸರಿಡುವಷ್ಟು ಖಚಿತವಾದ ತಿಳಿವು ಆ ಲಾಕ್ಷಣಿಕನಿಗಿತ್ತು. ಹೆಸರುಗಳು ನಮಗೆ ದಕ್ಕಿದವು; ಅವುಗಳ ಹಿಂದಿದ್ದ ವಿವೇಕವನ್ನು ಉಳಿಸಿಕೊಳ್ಳುವುದು ನಮ್ಮಿಂದಾಗಲಿಲ್ಲ.

ಕರಾವಳಿಯಲ್ಲಿ ಯಕ್ಷಗಾನದ ಪಠ್ಯಕ್ಕೆ ಪ್ರಸಂಗವೆಂಬ ಒಳ್ಳೆಯ ಹೆಸರಿದೆ. ಪ್ರಸಂಗವೊಂದನ್ನು ಲಿಬ್ರೆಟ್ಟೊದ ಪಕ್ಕದಲ್ಲಿಟ್ಟು ನೋಡಿದರೆ ರಚನೆಯಲ್ಲಿ ಆಶ್ಚರ್ಯಕರವಾದ ಸಾದೃಶ್ಯ ಕಾಣುತ್ತದೆ. ಇಟಲಿಯ ಕವಿ ಕಥೆ ಮುಂದೆ ಸಾಗಬೇಕಾದ ಕಡೆ ಏಳು ಮತ್ತು ಹನ್ನೊಂದು ಅಕ್ಷರಗಳ ಸಾಲುಗಳನ್ನು ಬೆರೆಸಿ ಸಡಿಲವಾಗಿ ಬರೆಯುತ್ತಾನೆ. ಅದು ತಾಳದ ಬಿಗಿಯಿಲ್ಲದ ನುಡಿಗಾನವಾಗುತ್ತದೆ. ಭಾವ ನಿಲ್ಲಬೇಕಾದ ಕಡೆ ಸಣ್ಣ ಸಾಲುಗಳ, ಪ್ರಾಸಬದ್ಧವಾದ ನುಡಿಗಳನ್ನು ಬರೆಯುತ್ತಾನೆ. ಅದು ‘ಆರಿಯಾ’ ಎಂಬ ಹಾಡಾಗುತ್ತದೆ. ನಮ್ಮ ಪ್ರಸಂಗಕರ್ತನೂ ಭಾಮಿನಿ, ವಾರ್ಧಕ, ಕಂದಗಳಲ್ಲಿ ಕಥೆಯನ್ನು ದಾಟಿಸುತ್ತಾನೆ. ಭಾಗವತನು ಭಾಮಿನಿ ವಾರ್ಧಕಗಳನ್ನು ತಾಳವಿಲ್ಲದೆ ಹಾಡುತ್ತಾನೆ. ರಾಗ, ತಾಳ ಸೂಚಿಸಿದ ಪದಗಳಲ್ಲಿ ಭಾವ ನಿಲ್ಲುತ್ತದೆ, ಪಾತ್ರ ಕುಣಿಯುತ್ತದೆ. ಛಂದಸ್ಸು ಬದಲಾದೊಡನೆ ರಂಗದ ಕಾಲದ ವೇಗವೇ ಬದಲಾಗುತ್ತದೆ. ಛಂದಸ್ಸಿನ ತರಗತಿಯಲ್ಲಿ ಗುರುಲಘು ಎಣಿಸಿ ಮುಗಿಸುವ ನಾವು ವಿದ್ಯಾರ್ಥಿಗಳಿಗೆ ಇದನ್ನು ಹೇಳುವುದೇ ಇಲ್ಲ.

ಒಂದು ವ್ಯತ್ಯಾಸ ದೊಡ್ಡದು. ಯಕ್ಷಗಾನದಲ್ಲಿ ಪದ್ಯದ ನಂತರ ಬರುವ ಅರ್ಥ ಬರೆದದ್ದಲ್ಲ. ವೇಷಧಾರಿ ಸ್ಥಳದಲ್ಲೇ ಕಟ್ಟುವುದು. ಲಿಬ್ರೆಟ್ಟೊದಲ್ಲಿ ಹಾಗೆ ಬಿಟ್ಟ ಜಾಗವಿಲ್ಲ. ಅದಕ್ಕೆ ಇಟಲಿಯಲ್ಲೇ ಹೋಲಿಕೆ ಹುಡುಕುವುದಾದರೆ ‘ಕೊಮ್ಮೇದಿಯಾ ದೆಲ್ಲಾರ್ತೆ’ ಎಂಬ ಆಶು ನಾಟಕದ ಕಡೆ ನೋಡಬೇಕು. ಅಲ್ಲಿ ಕಥೆಯ ಹಂದರವಷ್ಟೇ ಬರಹದಲ್ಲಿರುತ್ತಿತ್ತು. ನಮ್ಮ ಪ್ರಸಂಗವು ಈ ಎರಡನ್ನೂ ಒಂದರಲ್ಲೇ ಕೂಡಿಸಿಕೊಂಡಿದೆ. ಹಾಗೆಂದು ನಮ್ಮದೇ ಹಿರಿದು ಎಂದು ಹೊರಡುವುದು ನನ್ನ ಉದ್ದೇಶವಲ್ಲ. ಅಂತಹ ಪಂದ್ಯಗಳಿಂದ ಒಂದು ಹಸ್ತಪ್ರತಿಯೂ ಉಳಿಯಲಿಲ್ಲ.

ನಮ್ಮ ಗೀತನಾಟಕಕ್ಕೆ ಇಟಲಿಯ ಬೇರೇನಾದರೂ ಇದೆಯೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಬಯಲಾಟಗಳ ಮಟ್ಟಿಗೆ ಇಲ್ಲ. ಅವು ಈ ನೆಲದಲ್ಲೇ ಬೆಳೆದವು. ಪ್ರಭಾವ ಹರಿದದ್ದು ಇಲ್ಲಿಂದ ಆಚೆಗೂ ಉಂಟು. 1842ರಲ್ಲಿ ಕರ್ನಾಟಕದ ಭಾಗವತ ಮೇಳವೊಂದು ಸಾಂಗಲಿಯಲ್ಲಿ ಆಟವಾಡಿತು. ಮರುವರ್ಷ ವಿಷ್ಣುದಾಸ ಭಾವೆಯವರು ಅಲ್ಲಿ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು. ಮರಾಠಿ ರಂಗಭೂಮಿಯ ಚರಿತ್ರೆ ಅಲ್ಲಿಂದಲೇ ಆರಂಭವಾಗುತ್ತದೆ. 1880ರಲ್ಲಿ ‘ಸಂಗೀತ ಶಾಕುಂತಲ’ದ ಮೂಲಕ ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಅಲ್ಲಿಂದ ಆ ಸಂಗೀತ ಮತ್ತೆ ನಮ್ಮ ಕಂಪನಿಗಳಿಗೂ ಪಾರಿಜಾತದ ಮೇಳಗಳಿಗೂ ಮರಳಿತು. ಹೋದದ್ದು ಬೇರೆ ಬಟ್ಟೆ ತೊಟ್ಟು ಬಂದ ಕಥೆಯಿದು. ಇಟಲಿಯಿಂದ ನಾವು ಕಲಿಯಬೇಕಾದದ್ದು ಪಠ್ಯವನ್ನು ಹಿಡಿಯುವ ಬಗೆಯನ್ನು.

ಪಾರಿಜಾತದ ಕಥೆ ಎಲ್ಲರಿಗೂ ಗೊತ್ತಿರುವುದೇ. ನಾರದ ತಂದ ಒಂದು ಹೂವು ರುಕ್ಮಿಣಿಯ ಮುಡಿಗೇರುತ್ತದೆ. ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ. ಮುನಿದವಳನ್ನು ಒಲಿಸುವಷ್ಟರಲ್ಲಿ ಲೋಕವಾಳುವ ಕೃಷ್ಣ ಹೈರಾಣಾಗುತ್ತಾನೆ. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣ ಆಟಕ್ಕೆ ಒಗ್ಗಿಸಿದನೆಂದು ವಿದ್ವಾಂಸರು ಹೇಳುತ್ತಾರೆ. ಕೌಜಲಗಿ ನಿಂಗಮ್ಮನಂತಹ ಕಲಾವಿದೆ ಈ ಆಟವನ್ನು ಊರೂರಿಗೆ ಒಯ್ದಳು. ಕವಿಯೊಬ್ಬ, ರಂಗಕ್ಕೆ ತಿದ್ದಿದವನೊಬ್ಬ, ಹಾಡಿ ಬೆಳೆಸಿದವರು ನೂರು ಜನ: ಮೆತಾಸ್ತಾಸಿಯೊ, ಮಾಜ್ಜೊಲಾ, ಮೊಜಾರ್ಟರ ಸಾಲಿನ ಹಾಗೆಯೇ ಇದೂ ಒಂದು ಸಾಲು. ಆದರೆ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಇಬ್ಬರು ತಮ್ಮಣ್ಣಂದಿರಿಗೆ ಸಿಕ್ಕಿರುವುದು ಹೆಚ್ಚೆಂದರೆ ಒಂದು ಪ್ಯಾರಾ.

ಸಣ್ಣಾಟದ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದು ‘ಸಂಗ್ಯಾ ಬಾಳ್ಯಾ’ ಆಯಿತು. ದೇವತೆಗಳಿಲ್ಲ, ರಾಜರಿಲ್ಲ, ನೆರೆಯೂರಿನ ವ್ಯಾಪಾರಸ್ಥರು, ಅವರ ಹೆಂಡಂದಿರು, ಗೆಳೆತನ, ವಂಚನೆ. 1853ರಲ್ಲಿ ವೆರ್ದಿಯ ‘ಲಾ ತ್ರಾವಿಯಾತಾ’ ಸಮಕಾಲೀನ ಪ್ಯಾರಿಸ್ಸಿನ ಕಥೆಯನ್ನು ಹೇಳಿದಾಗ, ವೆನಿಸ್ಸಿನ ರಂಗಮಂದಿರದವರು ಹೆದರಿ ಪಾತ್ರಗಳಿಗೆ ಒಂದೂವರೆ ಶತಮಾನ ಹಿಂದಿನ ಉಡುಪು ತೊಡಿಸಿದರು. ನಮ್ಮ ಸಣ್ಣಾಟದವರಿಗೆ ಆ ಅಳುಕಿರಲಿಲ್ಲ. ನಿನ್ನೆಯ ಊರ ಸುದ್ದಿಯನ್ನು ನಿನ್ನೆಯ ಬಟ್ಟೆಯಲ್ಲೇ ಆಡಿದರು.

ಇನ್ನು ನನ್ನ ತಪ್ಪಿನ ಕಥೆ. ಬೇವೂರಿನಲ್ಲಿ ಪಾಠ ಹೇಳಲು ತೊಡಗಿದ ಮೊದಲ ವರ್ಷಗಳಲ್ಲಿ, ಆಲಮಟ್ಟಿಯ ಹಿನ್ನೀರಿಗೆ ಸಿಕ್ಕಲಿದ್ದ ಹಳ್ಳಿಯೊಂದರ ವಿದ್ಯಾರ್ಥಿ ತನ್ನ ಮುತ್ಯಾನ ವಹಿಯನ್ನು ತಂದು ನನ್ನ ಮುಂದಿಟ್ಟ. ಮುತ್ಯಾ ಪಾರಿಜಾತದ ಮೇಳದಲ್ಲಿ ದೂತಿಯ ಪಾತ್ರ ಮಾಡುತ್ತಿದ್ದವನು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆಗಳು, ಮೋಡಿಯ ಛಾಯೆಯುಳ್ಳ ಕನ್ನಡ ಅಕ್ಷರ, ಹಾಳೆ ಹಾಳೆಗೂ ಎಣ್ಣೆಯ ಕಲೆ. ಹುಡುಗ ಹೇಳಿದ: “ಸರ್, ನಮ್ಮ ಮುತ್ಯಾ ಇದನ್ನ ಓದಾಕ ಕೊಡ್ತಿದ್ದಿಲ್ರಿ. ಓದಬ್ಯಾಡ, ಹಾಡೂದಿದ್ರ ತಗೊ ಅಂತಿದ್ದ.” ನಾನು ನಕ್ಕೆ. ಗ್ರಂಥಸಂಪಾದನ ಶಾಸ್ತ್ರವನ್ನು ಆಗಷ್ಟೇ ಓದಿ ಮುಗಿಸಿದ್ದ ಹುಮ್ಮಸ್ಸು. ಶುದ್ಧಪ್ರತಿ ಮಾಡು ಎಂದು ಅವನಿಗೆ ಹೇಳಿ, ನಿಯಮಗಳನ್ನೂ ನಾನೇ ಬರೆದುಕೊಟ್ಟೆ: ಒಂದೇ ಸಾಲು ಎರಡು ಮೂರು ಸಲ ಬಂದಿದ್ದರೆ ಒಮ್ಮೆ ಮಾತ್ರ ಬರೆಯಬೇಕು, ಅರ್ಥವಿಲ್ಲದ ಅಕ್ಷರಗಳನ್ನು ಬಿಡಬೇಕು, ಅಂಚಿನ ಟಿಪ್ಪಣಿಗಳು ಕವಿಯವಲ್ಲವಾದ್ದರಿಂದ ತೆಗೆಯಬೇಕು, ಧಾಟಿ ಸೂಚಿಸಲು ಬರೆದ ಬೇರೆ ಹಾಡಿನ ಮೊದಲ ಮಾತುಗಳನ್ನೂ ಕೈಬಿಡಬೇಕು. ಹುಡುಗ ವಿನಯವಂತ. ಹೇಳಿದಂತೆಯೇ ಮಾಡಿದ. ಮುತ್ತಿನಂತಹ ಅಕ್ಷರದಲ್ಲಿ ಅರವತ್ತು ಪುಟಗಳ ಶುದ್ಧಪ್ರತಿ ಸಿದ್ಧವಾಯಿತು. ಸಂತೋಷಪಟ್ಟು ವಹಿಯನ್ನು ಹಿಂದಿರುಗಿಸಿದೆ.

ಮುಂದೆ ನೀರು ಬಂತು. ಅವರ ಮನೆ ಮುಳುಗಡೆಯಾಯಿತು. ಪುನರ್ವಸತಿ ಕೇಂದ್ರಕ್ಕೆ ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಟ್ರಂಕೊಂದು ಎಲ್ಲೋ ಕಳೆಯಿತು. ವಹಿ ಅದರಲ್ಲಿತ್ತು. ಈಗ ಉಳಿದಿರುವುದು ನನ್ನ ಕಪಾಟಿನಲ್ಲಿರುವ ಶುದ್ಧಪ್ರತಿ. ಅದರಲ್ಲಿ ಮಾತುಗಳಿವೆ. ಯಾವ ಮಾತನ್ನು ಎಷ್ಟು ಸಲ ಹಾಡಬೇಕು, ಎಲ್ಲಿ ಮೇಳ ಎತ್ತಿಕೊಳ್ಳಬೇಕು, ದೂತಿ ಎಲ್ಲಿ ಮಾತು ಬೆಳೆಸಬೇಕು, ಯಾವ ಧಾಟಿ ಎಂಬುದು ಯಾವುದೂ ಇಲ್ಲ. ನಾನು ಕಸವೆಂದು ಗುಡಿಸಿದ್ದೇ ಆಟವಾಗಿತ್ತು.

ಎಷ್ಟೋ ವರ್ಷಗಳ ಮೇಲೆ ಇಟಲಿಯ ಕಿರುಹೊತ್ತಿಗೆಗಳ ಮುದ್ರಣ ಪದ್ಧತಿಯನ್ನು ಕುರಿತು ಓದುವಾಗ ಎರಡು ಸಂಗತಿಗಳು ನನ್ನನ್ನು ನಾಚಿಸಿದವು. ಫ್ಲಾರೆನ್ಸಿನ ಭಕ್ತಿಗೀತೆಗಳ ಹಳೆಯ ಸಂಕಲನಗಳಲ್ಲಿ ಹಾಡಿನ ತಲೆಯ ಮೇಲೆ ‘ಕಾಂತಾಸಿ ಕೋಮೆ’ ಎಂದು ಬರೆದು, ಜನಕ್ಕೆ ಪರಿಚಿತವಾದ ಬೇರೊಂದು ಹಾಡಿನ ಮೊದಲ ಮಾತನ್ನು ಕೊಟ್ಟಿರುತ್ತಾರೆ. ಇಂಥದರ ಹಾಗೆ ಹಾಡಿರಿ ಎಂದು ಅದರ ಅರ್ಥ. ನಮ್ಮ ವಹಿಗಳ ಧಾಟಿಯ ಸೂಚನೆ ಅಕ್ಷರಶಃ ಇದೇ. ಅಲ್ಲಿನ ವಿದ್ವಾಂಸರು ಆ ಒಂದೊಂದು ಸೂಚನೆಯನ್ನೂ ಆಯ್ದು, ಯಾವ ಹಾಡು ಯಾವ ಕಾಲಕ್ಕೆ ಜನಪ್ರಿಯವಾಗಿತ್ತು, ಸ್ವರಲಿಪಿಯಿಲ್ಲದ ಪಠ್ಯಕ್ಕೆ ಯಾವ ಮಟ್ಟು ಇದ್ದೀತು ಎಂದು ಪುನಾರಚಿಸುತ್ತಾರೆ. ಧಾಟಿಯ ಟಿಪ್ಪಣಿ ಕಾಲನಿರ್ಣಯಕ್ಕೂ ಸಾಧನ. ಹಾಡು ಪ್ರಚಾರಕ್ಕೆ ಬಂದ ಮೇಲಲ್ಲದೆ ಅದರ ಧಾಟಿಯನ್ನು ಯಾರೂ ಸೂಚಿಸಲಾರರು. ಶಾಸನದ ಲಿಪಿಯನ್ನು ನೋಡಿ ಕಾಲ ಹೇಳುವ ನಾವು ಇಂತಹ ಸಾಕ್ಷ್ಯವನ್ನು ಕೈಯಾರೆ ಅಳಿಸಿದೆವು.

ಎರಡನೆಯದು ಇನ್ನೂ ಸರಳ. ಇಟಲಿಯ ಕವಿ ಬರೆದ ಸಾಲುಗಳಲ್ಲಿ ಕೆಲವನ್ನು ಪ್ರದರ್ಶನದಲ್ಲಿ ಹಾಡದೆ ಬಿಡುತ್ತಿದ್ದರು. ಮುದ್ರಕರು ಅವನ್ನು ತೆಗೆದುಹಾಕುತ್ತಿರಲಿಲ್ಲ. ಸಾಲಿನ ಮೊದಲಲ್ಲಿ ಉದ್ಧರಣ ಚಿಹ್ನೆಯನ್ನಿಟ್ಟು ಅಚ್ಚು ಹಾಕುತ್ತಿದ್ದರು. ಚಿಹ್ನೆಯಿರುವುದು ಕವಿ ಬರೆದದ್ದು, ಇಂದು ಹಾಡದ್ದು ಎಂದು ಪ್ರೇಕ್ಷಕನಿಗೆ ತಿಳಿಯುತ್ತಿತ್ತು. ಬರೆದ ಪಠ್ಯ, ಆಡಿದ ಪಠ್ಯ ಎರಡೂ ಒಂದೇ ಪುಟದಲ್ಲಿ ಜಗಳವಿಲ್ಲದೆ ಬಾಳಿದವು. ಇದಕ್ಕೆ ಬೇಕಾದದ್ದು ಒಂದು ಚಿಹ್ನೆ ಮಾತ್ರ. ಮೊಂತೆವೆರ್ದಿಯ ‘ಓರ್ಫೆಯೊ’ದಲ್ಲಂತೂ 1607ರಲ್ಲಿ ಅಚ್ಚಾದ ಸ್ತ್ರಿಜ್ಜೊನ ಪಠ್ಯಕ್ಕೂ 1609ರಲ್ಲಿ ಅಚ್ಚಾದ ಸಂಗೀತಲಿಪಿಗೂ ಕೊನೆಯೇ ಬೇರೆ: ಒಂದರಲ್ಲಿ ಬಾಕಸ್‌ ದೇವನ ಉನ್ಮತ್ತ ಸ್ತ್ರೀಯರು ಬರುತ್ತಾರೆ, ಇನ್ನೊಂದರಲ್ಲಿ ಅಪೊಲೊ ಇಳಿದು ಬಂದು ನಾಯಕನನ್ನು ಸ್ವರ್ಗಕ್ಕೆ ಒಯ್ಯುತ್ತಾನೆ. ಯಾವುದು ಮೂಲವೆಂದು ಒಂದನ್ನು ಕೊಂದು ಇನ್ನೊಂದನ್ನು ಉಳಿಸುವ ಕೆಲಸಕ್ಕೆ ಅಲ್ಲಿನ ಸಂಪಾದಕರು ಕೈಹಾಕುವುದಿಲ್ಲ. ಎರಡನ್ನೂ ಕೊಡುತ್ತಾರೆ. ಪಂಪ, ರನ್ನರ ಕಾವ್ಯಗಳಿಗೆ ನಾವು ಅನ್ವಯಿಸುವ ಮೂಲಪಾಠ ನಿರ್ಣಯದ ಶಾಸ್ತ್ರವು ಒಬ್ಬ ಕವಿ, ಒಂದು ಕೃತಿ, ಹಲವು ಲಿಪಿಕಾರರ ದೋಷ ಎಂಬ ಗೃಹೀತದ ಮೇಲೆ ನಿಂತಿದೆ. ಆಟದ ಪಠ್ಯದಲ್ಲಿ ಲಿಪಿಕಾರನೇ ಪಾತ್ರಧಾರಿ. ಅವನು ಬದಲಿಸಿದ್ದು ದೋಷವಲ್ಲ, ಆ ಆಟದ ದಾಖಲೆ.

ನನ್ನ ಮಾತಿಗೆ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಸಂಗೀತವಿಲ್ಲದೆ ನಿಲ್ಲಲಾರದ ಪಠ್ಯವನ್ನು ಸಾಹಿತ್ಯವೆಂದು ಹೇಗೆ ಕರೆಯುವುದು? ನಿಜ, ಲಿಬ್ರೆಟ್ಟೊಗಳಲ್ಲಿ ಬಹುಪಾಲು ನೀರಸವಾದವು. ನಮ್ಮ ಕಂಪನಿ ನಾಟಕಗಳ ಹಾಡುಗಳಲ್ಲೂ ಜೊಳ್ಳೇ ಹೆಚ್ಚು. ಅವನ್ನೆಲ್ಲ ತಲೆಯ ಮೇಲೆ ಹೊರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಒಳ್ಳೆಯದನ್ನೂ ಜೊಳ್ಳನ್ನೂ ಬೇರ್ಪಡಿಸುವ ಮೊರವೇ ನಮ್ಮಲ್ಲಿಲ್ಲ. ಓದಿದಾಗ ರಸ ಹುಟ್ಟುತ್ತದೆಯೇ ಎಂಬ ಒಂದೇ ಪ್ರಶ್ನೆಯಿಂದ ಅಳೆದರೆ ಗಟ್ಟಿಕಾಳೂ ಹಾರಿಹೋಗುತ್ತದೆ. ಹಾಡುವವನಿಗೆ ಈ ಸಾಲಿನಲ್ಲಿ ಉಸಿರಿಗೆ ಎಡೆಯಿದೆಯೇ, ಎಳೆಯಬೇಕಾದ ಕಡೆ ದೀರ್ಘಸ್ವರವಿದೆಯೇ, ಮೇಳಕ್ಕೆ ಎತ್ತಿಕೊಳ್ಳಲು ಹಿಡಿ ಸಿಗುತ್ತದೆಯೇ, ಸತ್ಯಭಾಮೆ ತಿರುಗಿ ನಿಲ್ಲುವುದಕ್ಕೆ ಮಾತು ಅವಕಾಶ ಕೊಡುತ್ತದೆಯೇ ಎಂಬ ಪ್ರಶ್ನೆಗಳು ಬೇಕು. ಇವೂ ಸಾಹಿತ್ಯದ ಪ್ರಶ್ನೆಗಳೇ.

ಆಧುನಿಕ ಕನ್ನಡದಲ್ಲಿ ಈ ಪ್ರಶ್ನೆಗಳನ್ನು ಗಂಭೀರವಾಗಿ ಎದುರಿಸಿದ ಕವಿ ಪು.ತಿ.ನರಸಿಂಹಾಚಾರ್ಯರು. ‘ಗೋಕುಲ ನಿರ್ಗಮನ’, ‘ಅಹಲ್ಯೆ’ಗಳನ್ನು ಅವರು ಗೀತನಾಟಕಗಳೆಂದೇ ಬರೆದರು, ಸಂಗೀತವನ್ನು ಆಳವಾಗಿ ಬಲ್ಲವರಾದ್ದರಿಂದ ರಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರು. ಅದಕ್ಕೂ ಮುಂಚೆ ಶಿವರಾಮ ಕಾರಂತರು ‘ಮುಕ್ತದ್ವಾರ’, ‘ಕಿಸಾ ಗೋತಮಿ’ಗಳಂತಹ ಪ್ರಯೋಗ ಮಾಡಿದ್ದರು. 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯು ಪು.ತಿ.ನ. ಅವರಿಗೆ ಪ್ರಶಸ್ತಿ ಕೊಟ್ಟದ್ದು ‘ಹಂಸ ದಮಯಂತಿ ಮತ್ತು ಇತರ ರೂಪಕಗಳು’ ಎಂಬ ಕೃತಿಗೆ. ಎಂದರೆ ಹಾಡುವುದಕ್ಕೆ ಬರೆದ ಪಠ್ಯಗಳ ಸಂಪುಟವೊಂದನ್ನು ದೇಶದ ಸಾಹಿತ್ಯ ಸಂಸ್ಥೆ ಸಾಹಿತ್ಯವೆಂದು ಆಗಲೇ ಒಪ್ಪಿಯಾಗಿದೆ. ಆದರೂ ನಮ್ಮ ತರಗತಿಗಳಲ್ಲಿ ಪು.ತಿ.ನ. ಭಾವಗೀತೆಗಳ ಕವಿಯಾಗಿಯೇ ಉಳಿದರು. ಬಿ.ವಿ.ಕಾರಂತರು ‘ಗೋಕುಲ ನಿರ್ಗಮನ’ವನ್ನು ರಂಗದ ಮೇಲೆ ಹಾಡಿಸಿದಾಗ, ಪುಟದಲ್ಲಿ ಸಪ್ಪೆಯೆನಿಸಿದ್ದ ಸಾಲುಗಳು ಹೇಗೆ ಎದ್ದು ನಿಂತವೆಂದು ನೋಡಿದವರು ಹೇಳುತ್ತಾರೆ. ಸಾಲುಗಳು ಮೊದಲಿನವೇ. ಪುಟವನ್ನು ಓದಿದವರು ಅವುಗಳ ಅರ್ಧವನ್ನು ಮಾತ್ರ ಓದಿದ್ದರು.

ಇದರಲ್ಲಿ ಒಂದು ತಾರತಮ್ಯವೂ ಇದೆ. ಪು.ತಿ.ನ. ಬರೆದರೆ ಗೀತನಾಟಕ, ಕುಲಗೋಡ ತಮ್ಮಣ್ಣ ಬರೆದರೆ ಬಯಲಾಟ. ಮುದ್ದಣನ ‘ರಾಮಾಶ್ವಮೇಧ’ ಪಠ್ಯವಾಗುತ್ತದೆ, ಅವನೇ ಬರೆದ ‘ರತ್ನಾವತಿ ಕಲ್ಯಾಣ’ ಎಂಬ ಪ್ರಸಂಗ ಅಡಿಟಿಪ್ಪಣಿಯಾಗುತ್ತದೆ. ಒಬ್ಬನೇ ಕವಿಯ ಎರಡು ಕೈಗಳಲ್ಲಿ ಒಂದಕ್ಕೆ ಮಾತ್ರ ನಾವು ಕಡಗ ತೊಡಿಸಿದ್ದೇವೆ.

ನನ್ನ ಸಲಹೆ ದೊಡ್ಡದೇನಲ್ಲ. ಉತ್ತರ ಕರ್ನಾಟಕದ ಮೇಳಗಳ ಮನೆಗಳಲ್ಲಿ ಇನ್ನೂ ಉಳಿದಿರುವ ವಹಿಗಳನ್ನು ಇದ್ದಂತೆಯೇ, ಅಂಚಿನ ಗೀಚುಗಳ ಸಮೇತ, ಛಾಯಾಪ್ರತಿ ಮಾಡಬೇಕು. ಮೊಬೈಲು ಪ್ರತಿ ವಿದ್ಯಾರ್ಥಿಯ ಕೈಯಲ್ಲಿರುವಾಗ ಇದಕ್ಕೆ ಅನುದಾನ ಕಾಯಬೇಕಾಗಿಲ್ಲ. ಶುದ್ಧಪ್ರತಿಯನ್ನು ಆಮೇಲೆ ಮಾಡಲಿ, ಅಥವಾ ಮಾಡದಿರಲಿ. ಸಂಪಾದಿಸುವವರು ಪುನರಾವೃತ್ತಿಯನ್ನು ಮೊಟಕು ಮಾಡಬಾರದು, ಧಾಟಿಯನ್ನು ತೆಗೆಯಬಾರದು, ಹಾಡದೆ ಬಿಟ್ಟ ಭಾಗಕ್ಕೆ ಇಟಲಿಯವರಂತೆ ಒಂದು ಚಿಹ್ನೆ ಇಟ್ಟರೆ ಸಾಕು. ಸ್ನಾತಕೋತ್ತರ ವಿಭಾಗಗಳು ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ಆಟದ ಪಠ್ಯಕ್ಕೆ ಒಂದು ಘಟಕ ಕೊಡಲಿ. ಲಿಬ್ರೆಟ್ಟೊ ಎಂಬುದಕ್ಕೆ ಕನ್ನಡದಲ್ಲಿ ಹೊಸ ಪದ ಟಂಕಿಸಬೇಕೆಂದು ಕೆಲವರು ಕೇಳುತ್ತಾರೆ. ಪ್ರಸಂಗ ಇದೆ, ವಹಿ ಇದೆ, ನಾಗವರ್ಮನ ಪಾಡುಗಬ್ಬವೂ ಇದೆ, ಪದಕ್ಕೆ ಬರವಿಲ್ಲ.

ಕಳೆದ ಬೇಸಗೆಯಲ್ಲಿ ನನ್ನ ಕಪಾಟಿನ ಶುದ್ಧಪ್ರತಿಯನ್ನು ಎತ್ತಿಕೊಂಡು, ಘಟಪ್ರಭೆಯ ಆಚೆ ದಂಡೆಯ ಊರಿನಲ್ಲಿರುವ ಹಿರಿಯ ಕಲಾವಿದರೊಬ್ಬರ ಬಳಿಗೆ ಹೋಗಿದ್ದೆ. ಪಾರಿಜಾತ ಬಿಟ್ಟು ಬಹಳ ವರ್ಷಗಳಾಗಿವೆ ಎಂದರು. ಸತ್ಯಭಾಮೆ ದೂತಿಯನ್ನು ವಿಚಾರಿಸುವ ಪದವೊಂದನ್ನು ನಾನು ಓದಿದೆ. ಅವರು ಕಣ್ಣು ಮುಚ್ಚಿ ಕೇಳಿ, “ಇದು ಎಲುಬು ಆತ್ರಿ ಸರ್, ಮಾಂಸ ಎಲ್ಲಿ ಐತಿ?” ಎಂದು ಕೇಳಿ, ತಾವೇ ಹಾಡತೊಡಗಿದರು. ನಾನು ಒಮ್ಮೆ ಬರೆದಿದ್ದ ಸಾಲು ಅವರ ಬಾಯಲ್ಲಿ ನಾಲ್ಕು ಸಲ ಬಂತು. ಮೊದಲ ಸಲ ಕೇಳುವಂತೆ, ಎರಡನೆಯ ಸಲ ನಂಬದವಳಂತೆ, ಮೂರನೆಯ ಸಲ ಬೈಯುವಂತೆ, ಕೊನೆಗೆ ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ. ಪೆನ್ಸಿಲಿನಿಂದ ಆ ಸಾಲನ್ನು ನಾಲ್ಕು ಸಲ ಬರೆದುಕೊಂಡೆ. ಖಚಿತಪಡಿಸಿಕೊಳ್ಳಲು ಮತ್ತೊಮ್ಮೆ ಹಾಡಲು ಕೇಳಿದೆ. ಈ ಸಲ ಮೂರೇ ಬಾರಿ ಹಾಡಿದರು, ಮೂರನೆಯದರ ನಡುವೆ ಒಂದು ಹೊಸ ಮಾತು ಸೇರಿತು. ಅದನ್ನೂ ಪಕ್ಕದಲ್ಲೇ ಬರೆದುಕೊಂಡಿದ್ದೇನೆ.